ಮೂಟೆ ಇಲ್ಲದ ಬೆಳಿಗ್ಗೆ

ಕೊತ್ತತ್ತಿಯಿಂದ ಒಂದೂವರೆ ಮೈಲಿ ಆಚೆ, ನಾಲೆಯ ನೀರು ಎಲ್ಲರ ಗದ್ದೆ ತುಂಬಿಸಿ ಕೊನೆಗೆ ಬಂದು ಮುಟ್ಟುವ ಜಾಗದಲ್ಲಿ ನಾಗಮಣಿಗೆ ಹದಿನೆಂಟು ಗುಂಟೆ ಜಮೀನಿತ್ತು. ಗಂಡ ಶಿವರಾಮು ಇದ್ದಾಗ ಅಲ್ಲಿ ಕಬ್ಬು ಹಾಕುತ್ತಿದ್ದರು. ಆರು ವರ್ಷದ ಹಿಂದೆ ಅವನು ಕಾಮಾಲೆಯಾಗಿ ತೀರಿಹೋದ. ಮಕ್ಕಳಿರಲಿಲ್ಲ. ಅಷ್ಟು ಸಣ್ಣ ತುಂಡಿನ ಕಬ್ಬು ಕಡಿಯಲು ಆಳುಗಳು ಬರುತ್ತಿರಲಿಲ್ಲ. ಬಂದರೂ ಎಲ್ಲರದ್ದೂ ಮುಗಿದ ಮೇಲೆ. ಎರಡು ಸಲ ಕಬ್ಬು ಹೂ ಬಿಟ್ಟು ಒಣಗುವವರೆಗೂ ನಿಂತದ್ದನ್ನು ನೋಡಿ ಅವಳು ಬೇರು ಸಮೇತ ಕೂಳೆ ಕೀಳಿಸಿ ತರಕಾರಿಗೆ ಇಳಿದಳು. ಹೀರೇಕಾಯಿ, ಬದನೆ, ಬದುವಿನ ಪಕ್ಕ ದಂಟಿನ ಸೊಪ್ಪು. ಒಬ್ಬಳ ಕೈಗೆ ಆಗುವಷ್ಟು ಕೆಲಸ.

ಮಾರುವುದಕ್ಕೆ ಅಲೆಯಬೇಕಾಗಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ನಾಲೆಯ ಸೇತುವೆ ಹತ್ತಿರ ಜಯಪ್ರಕಾಶನ ಟೆಂಪೋ ಬಂದು ನಿಲ್ಲುತ್ತಿತ್ತು. ಸುತ್ತಲಿನ ಹತ್ತು ಹನ್ನೆರಡು ಜನ ಸಣ್ಣ ರೈತರು ಮೂಟೆ ಹೊತ್ತು ತಂದು ಅಲ್ಲಿ ಇಳಿಸುತ್ತಿದ್ದರು. ಅವನು ಅದನ್ನೆಲ್ಲ ಮೈಸೂರಿನ ಮಾರ್ಕೆಟ್ಟಿಗೆ ಹಾಕಿ ತನಗೆ ತೋಚಿದ ರೇಟು ಕೊಡುತ್ತಿದ್ದ. ಎಲ್ಲರೂ ಗೊಣಗುತ್ತಿದ್ದರು, ನಾಗಮಣಿಯೂ ಗೊಣಗುತ್ತಿದ್ದಳು. ಆದರೆ ಟೆಂಪೋಗೆ ಕಾಯುವ ಆ ಅರ್ಧ ಗಂಟೆ ಅವಳಿಗೆ ಬೇಕಾಗಿತ್ತು. ಯಾರ ಹಸು ಕರು ಹಾಕಿತು, ಯಾರ ಮೋಟಾರು ಸುಟ್ಟುಹೋಯಿತು, ನಾಲೆಗೆ ನೀರು ಯಾವಾಗ ಬಿಡುತ್ತಾರೆ. ಮುದುಕ ಕೆಂಪಸಿದ್ದಯ್ಯ ಮೂಟೆಯ ಮೇಲೆ ಕುಳಿತು ದಿನಕ್ಕೊಬ್ಬರನ್ನು ಹಿಡಿದು ಗೇಲಿ ಮಾಡುತ್ತಿದ್ದ. ಅವಳ ಮನೆ ಊರೊಳಗಿರಲಿಲ್ಲ, ಜಮೀನಿನಲ್ಲೇ ಇತ್ತು. ಟೆಂಪೋ ಹೋದ ಮೇಲೆ ಅಲ್ಲಿಗೆ ವಾಪಸು ಬಂದರೆ, ಮಾರನೆಯ ಬೆಳಿಗ್ಗೆಯವರೆಗೂ ಬಾಯಿ ತೆರೆದು ಒಂದು ಮಾತಾಡುವ ಸಂದರ್ಭ ಬರುತ್ತಿರಲಿಲ್ಲ.

ಹೋದ ವರ್ಷ ಆಷಾಢ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಸೇತುವೆಗೆ ಶೋಭಿತಾ ಸ್ಕೂಟರಿನಲ್ಲಿ ಬಂದಳು. ಕೊಳ್ಳೇಗಾಲದ ಕಡೆಯವಳು, ಮೂವತ್ತು ದಾಟಿದ ಹೆಣ್ಣುಮಗಳು. ರೈತರೇ ಸೇರಿ ಮಾಡಿಕೊಂಡ ಒಂದು ಕಂಪನಿಯಲ್ಲಿ ಕೆಲಸ. ಸಣ್ಣ ರೈತರ ಬೆಳೆಗೆ ಹತ್ತಿರದಲ್ಲೇ ಕೊಳ್ಳುವವರನ್ನು ಹುಡುಕಿಕೊಡುವುದು ಅವಳ ಪಾಲಿನ ಹೊಣೆ.

"ನಿಮ್ಮ ಕಾಯಿ ಇಲ್ಲಿಂದ ಮೈಸೂರಿಗೆ ಹೋಗುತ್ತೆ. ಭಾರತೀನಗರದ ಕಾಲೇಜು ಹಾಸ್ಟೆಲಿನವರು ಮೈಸೂರಿಂದ ಕಾಯಿ ತರಿಸ್ಕೋತಾರೆ. ಹೋಗಿ ಬರೋದ್ರಲ್ಲಿ ಎರಡು ದಿನ ಬಾಡುತ್ತೆ. ಇಲ್ಲಿಂದಲೇ ನೇರ ಕೊಟ್ರೆ ಅವರಿಗೂ ತಾಜಾ, ನಿಮಗೂ ವಾರಕ್ಕೊಂದು ರೇಟು ಗ್ಯಾರಂಟಿ," ಎಂದಳು.

ಕೆಲವರು ಮೂಟೆಯ ಬಾಯಿ ಬಿಗಿಯತೊಡಗಿದರು. ಕೆಂಪಸಿದ್ದಯ್ಯನೇ ಕೊನೆಗೆ ಹೇಳಿದ: "ಮದ್ಲು ಯಾರಾರ ಒಬ್ರು ಓಗ್ಲಿ ಕಣವ್ವ. ನೋಡ್ಕಂಡು ಆಮ್ಯಾಕೆ ನಾವೂ ಬತ್ತೀವಿ."

"ನಾನ್ ಕೊಡ್ತೀನಿ ಬುಡಿ ಮೇಡಮ್ಮಾರೆ," ಎಂದಳು ನಾಗಮಣಿ.

ಧೈರ್ಯ ಹೆಚ್ಚಿತ್ತೆಂದಲ್ಲ. ಉಳಿದವರೆಲ್ಲ ಮನೆಯಲ್ಲಿ ಒಂದು ಮಾತು ಕೇಳಬೇಕಿತ್ತು. ಅವಳಿಗೆ ಕೇಳಲು ಯಾರೂ ಇರಲಿಲ್ಲ.

ಕೆಲಸ ಚೆನ್ನಾಗಿಯೇ ನಡೆಯಿತು. ಕಂಪನಿಯ ಆಟೋ ಒಂಬತ್ತು ಗಂಟೆಗೆ ಸೀದಾ ಜಮೀನಿಗೇ ಬರುತ್ತಿತ್ತು. ಡ್ರೈವರ್ ಅಂಬರೀಶ್ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡೇ ಇಳಿದು, ಕ್ರೇಟುಗಳನ್ನು ತೂಗಿ, ಚೀಟಿ ಕೊಟ್ಟು ಹೋಗುತ್ತಿದ್ದ. "ಆಯ್ತಾ ಅಕ್ಕ?" "ಆಯ್ತು ಕಣಪ್ಪ." ಅಷ್ಟೇ. ಎಳೆ ಹೀರೇಕಾಯಿಗೆ ಹಾಸ್ಟೆಲಿನಲ್ಲಿ ಒಳ್ಳೆ ಹೆಸರು ಬಂತು. ಟೆಂಪೋದ ರೇಟಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಮನೆಯ ಮೇಲಿನ ಹಳೆ ಶೀಟು ತೆಗೆಸಿ ಹೊಸದು ಹಾಕಿಸಿದಳು.

ಒಂದು ತಿಂಗಳಾದ ಮೇಲೆ, ಬೆಳಗಿನ ಜಾವ ಎಚ್ಚರವಾಗಿ, ಮಾಡಲು ಏನೂ ತೋಚದೆ, ಸೀರೆ ಸರಿಮಾಡಿಕೊಂಡು ಸೇತುವೆಗೆ ಹೋದಳು. ಎಲ್ಲರೂ ಅಲ್ಲೇ ಇದ್ದರು.

"ಏನಮ್ಮಿ, ಮೂಟೆ ಎಲ್ಲಿ?" ಎಂದ ಕೆಂಪಸಿದ್ದಯ್ಯ.

"ಇಲ್ಲ ಕಣಣ್ಣ, ಸುಮ್ಕೆ ಬಂದೆ."

"ಸುಮ್ಕೆ ಬರಾಕೆ ಇದೇನು ನಿನ್ ತೌರುಮನೆನಾ?"

ಎಲ್ಲರೂ ನಕ್ಕರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನು ಯಾರಿಗಾದರೂ ಹಾಗೇ ಅನ್ನುತ್ತಿದ್ದ. ಆದರೆ ಟೆಂಪೋ ಬಂದು ಎಲ್ಲರೂ ಮೂಟೆ ಎತ್ತಲು ಎದ್ದಾಗ ಅವಳೊಬ್ಬಳಿಗೆ ಎತ್ತಲು ಏನೂ ಇರಲಿಲ್ಲ. ಕೈ ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಜಯಪ್ರಕಾಶ ಅವಳನ್ನು ನೋಡಿಯೂ ನೋಡದ ಹಾಗೆ ಗಾಡಿ ತಿರುಗಿಸಿಕೊಂಡ. ಮತ್ತೆ ಅವಳು ಆ ಕಡೆ ಹೋಗಲಿಲ್ಲ.

ಮುಂದಿನ ವಾರದಿಂದ ಕಾಯಿಯ ಜೊತೆ ತಾನೂ ಆಟೋ ಹತ್ತಿ ಭಾರತೀನಗರಕ್ಕೆ ಹೋಗತೊಡಗಿದಳು. ಹಾಸ್ಟೆಲಿನ ಅಡುಗೆ ನೋಡಿಕೊಳ್ಳುತ್ತಿದ್ದವಳು ದೇವಿರಮ್ಮ, ಅವಳದೇ ವಯಸ್ಸಿನ ಹೆಂಗಸು. ನಾಗಮಣಿ ಹಿಂದಿನ ಜಗಲಿಯಲ್ಲಿ ಕುಳಿತು, ಯಾರೂ ಹೇಳದೆ, ಈಳಿಗೆ ಮಣೆ ಎಳೆದುಕೊಂಡು ಹೀರೇಕಾಯಿ ಹೆಚ್ಚಿಕೊಡುತ್ತಿದ್ದಳು.

"ನಿಂಗೆ ಇಲ್ಲಿ ಕೂಲಿ ಯಾರು ಕೊಟ್ಟಾರು?" ಎಂದು ದೇವಿರಮ್ಮ ಕೇಳಿದಳು.

"ಕೂಲಿ ಯಾಕಕ್ಕ. ಒಂದು ಗಳಿಗೆ ಕುಂತಿದ್ದು ಓಯ್ತೀನಿ."

ದೇವಿರಮ್ಮನಿಗೆ ಅರ್ಥವಾಗಿರಬೇಕು, ಆಮೇಲೆ ಕೇಳಲಿಲ್ಲ. ಮೂರು ವಾರ ಹೀಗೇ ನಡೆಯಿತು. ಒಂದು ದಿನ ಜಗಲಿಯ ಬಾಗಿಲಲ್ಲೇ ದೇವಿರಮ್ಮ ತಡೆದು ನಿಂತಳು. "ವಾರ್ಡನ್ನು ಒರಗಿನೋರ್ನ ಅಡುಗೆ ತಾವ ಬುಡಬ್ಯಾಡ ಅಂದವ್ರೆ ಕಣವ್ವ. ಮಕ್ಳು ಉಣ್ಣೋ ಜಾಗ, ಅವ್ರು ಯೋಳೋದೂ ಸರಿನೇ. ಬೇಜಾರ್ ಮಾಡ್ಕಬ್ಯಾಡ." ನಾಗಮಣಿ ಸರಿ ಎಂದಳು. ಆಟೋದಲ್ಲಿ ಬರಲಿಲ್ಲ, ಬಸ್ಸಿಗೂ ಕಾಯದೆ ಮುಕ್ಕಾಲು ದಾರಿ ನಡೆದೇ ಬಂದಳು.

ಏಪ್ರಿಲ್ ಕೊನೆಯಲ್ಲಿ ಪರೀಕ್ಷೆ ಮುಗಿದು ಹಾಸ್ಟೆಲಿಗೆ ಬೀಗ ಬಿತ್ತು. ಒಂದೂವರೆ ತಿಂಗಳು ರಜೆ. ನಾಗಮಣಿಯ ಹೀರೇ ಬಳ್ಳಿಗೆ ರಜೆಯ ಸಂಗತಿ ಗೊತ್ತಿರಲಿಲ್ಲ. ಚಪ್ಪರದ ತುಂಬ ಕಾಯಿ ಇಳಿಬಿದ್ದಿತ್ತು. ಎರಡು ದಿನ ಬಿಟ್ಟರೆ ನಾರಾಗುತ್ತದೆ. ಶೋಭಿತಾ ಬೆಳಿಗ್ಗೆಯಿಂದ ಹೋಟೆಲುಗಳಿಗೆ, ಛತ್ರಗಳಿಗೆ ಫೋನು ಮಾಡಿ ಸೋತು, ಮಧ್ಯಾಹ್ನ ಜಮೀನಿಗೇ ಬಂದಳು. ಚಪ್ಪರದ ಕೆಳಗೆ ನಿಂತು ಮೇಲೆ ನೋಡಿದಳು.

"ತಪ್ಪು ನಂದೇ ಅಕ್ಕ. ಕಾಲೇಜಿಗೆ ರಜೆ ಇರುತ್ತೆ ಅನ್ನೋದು ನನ್ನ ತಲೇಲೇ ಬರಲಿಲ್ಲ."

"ಉಂಡ್ರಾ?" ಎಂದಳು ನಾಗಮಣಿ.

ಮುದ್ದೆ, ಬದನೆಕಾಯಿ ಗೊಜ್ಜು ಇತ್ತು. ಶೋಭಿತಾ ಬೇಡವೆನ್ನುತ್ತಲೇ ಕುಳಿತಳು. ಎರಡನೇ ಸಲ ಗೊಜ್ಜು ಹಾಕಿಸಿಕೊಳ್ಳುವಾಗ ತಲೆ ಬಗ್ಗಿಸಿಕೊಂಡೇ ಹೇಳಿದಳು: "ಇನ್ನೊಬ್ಬರು ಬಡಿಸಿ ನಾನು ಉಂಡು ಎಷ್ಟು ದಿನ ಆಯ್ತೋ."

"ಯಾರೂ ಇಲ್ವಾ ನಿಮ್ಗೆ?"

"ಅವ್ವ ಇದಾಳೆ, ಅಣ್ಣನ ಮನೇಲಿ. ಇಲ್ಲಿ ಒಂದು ರೂಮು. ದಿನಾ ಐವತ್ತು ಜನರ ಹತ್ರ ಮಾತಾಡ್ತೀನಿ ಅಕ್ಕ. ಎಲ್ಲಾ ರೇಟಿನ ಮಾತೇ."

ನಾಗಮಣಿ ಪಾತ್ರೆಯ ಮುಚ್ಚಳ ತೆಗೆದಳು. ಅವಳ ತಟ್ಟೆಗೆ ಇನ್ನರ್ಧ ಮುದ್ದೆ ಇಟ್ಟಳು. ಅಂದಿನಿಂದ ಮೇಡಮ್ಮಾರು ಎನ್ನುವುದು ಬಿಟ್ಟುಹೋಯಿತು.

ಮಾರನೆಯ ದಿನ ಸೋಮವಾರ. ಚಿಕ್ಕರಸಿನಕೆರೆಯ ದೇವಸ್ಥಾನಕ್ಕೆ ಜನ ಬರುತ್ತಾರೆಂದು ಇಬ್ಬರೂ ಸ್ಕೂಟರಿನಲ್ಲಿ ಎರಡು ಮೂಟೆ ಕಟ್ಟಿಕೊಂಡು ಹೋದರು. ರಸ್ತೆಯ ಪಕ್ಕ ಗೋಣಿಚೀಲ ಹಾಸಿ ಕಾಯಿ ಸುರಿದುಕೊಂಡು ಕುಳಿತರು. ಹದಿನೈದು ವರ್ಷ ಬೇಸಾಯ ಮಾಡಿದ್ದರೂ ನಾಗಮಣಿ ತಾನು ಬೆಳೆದದ್ದನ್ನು ತಿನ್ನುವವರ ಕೈಗೆ ಒಮ್ಮೆಯೂ ಕೊಟ್ಟವಳಲ್ಲ. ಕೂಗಿ ಕರೆಯಲು ನಾಲಿಗೆ ಏಳಲಿಲ್ಲ. ಭಾಷಣ ಮಾಡಿ ಅಭ್ಯಾಸವಿದ್ದ ಶೋಭಿತಾಗೂ ಏಳಲಿಲ್ಲ. ಬಸ್ಸಿನಿಂದ ಇಳಿದವರು ಕಾಯಿ ನೋಡಿ ಮುಂದೆ ಹೋಗುತ್ತಿದ್ದರು. ದೇವರಿಗೆ ಹೋಗುವವರು ಹೀರೇಕಾಯಿ ಹೊತ್ತುಕೊಂಡು ಹೋಗುವುದಿಲ್ಲ ಎನ್ನುವುದು ಹೊಳೆಯಲು ಅವರಿಗೆ ಎರಡು ಗಂಟೆ ಬೇಕಾಯಿತು. ಹನ್ನೊಂದರ ಮೇಲೆ, ಪೂಜೆ ಮುಗಿಸಿ ವಾಪಸು ಬಸ್ಸಿಗೆ ಬಂದವರು ಒಬ್ಬೊಬ್ಬರಾಗಿ ಬಗ್ಗಿದರು.

ವೀಣ ಎಂಬ ಶಾಲೆಯ ಟೀಚರು ಎರಡು ಕಿಲೋ ತೆಗೆದುಕೊಂಡು, "ಇಷ್ಟೊಂದು ಏನು ಮಾಡ್ಲೋ," ಎಂದು ತನಗೆ ತಾನೇ ಅಂದುಕೊಂಡರು.

"ಸಿಪ್ಪೆ ಬಿಸಾಕ್ಬ್ಯಾಡಿ ಕಣಮ್ಮ," ಎಂದಳು ನಾಗಮಣಿ. "ಎಣ್ಣೇಲಿ ಬಾಡ್ಸಿ, ಕಡ್ಲೆಬ್ಯಾಳೆ, ಒಣಮೆಣಸಿನಕಾಯಿ, ಚೂರು ಉಣಿಸೆಹಣ್ಣು ಆಕಿ ರುಬ್ಬಿ. ಮುದ್ದೆಗೂ ಆಯ್ತದೆ, ಅನ್ನಕ್ಕೂ ಆಯ್ತದೆ."

ಟೀಚರು ಅಲ್ಲೇ ನಿಂತು ಕೇಳಿದರು. ಬಾಣಲೆ ಎಷ್ಟು ಕಾಯಬೇಕು, ಬೆಳ್ಳುಳ್ಳಿ ಹಾಕಬೇಕೋ ಬೇಡವೋ. ಅವರಿದ್ದದ್ದು ಭಾರತೀನಗರದಲ್ಲಿ. "ಅಲ್ಲಿ ನಮಗೆ ಒಳ್ಳೆ ತರಕಾರಿ ಸಿಗೋದೇ ಕಷ್ಟ. ಅಲ್ಲೇ ಬಂದು ಕೂರಬಾರದಾ?" ಎಂದು ಕೇಳಿ ಬಸ್ಸು ಹತ್ತಿದರು.

ಶೋಭಿತಾ ಎರಡು ದಿನ ಅಲೆದು, ಪಂಚಾಯಿತಿಯವರನ್ನು ಕಂಡು, ಭಾರತೀನಗರದ ಬಸ್‌ ಸ್ಟ್ಯಾಂಡಿನ ಹತ್ತಿರ ಜಾಗ ಮಾಡಿಸಿದಳು. ಮಂಗಳವಾರ ಮತ್ತು ಶುಕ್ರವಾರ. ಸಕ್ಕರೆ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುವವರು, ಕಾಲೇಜಿನವರು, ಬಾಡಿಗೆ ಮನೆಯವರು ಬಂದರು. ಮೂರನೇ ವಾರ ಕೆಂಪಸಿದ್ದಯ್ಯ ಸೌತೆಕಾಯಿ ಮೂಟೆ ಹೊತ್ತು ಬಂದು ಅವಳ ಪಕ್ಕ ಇಳಿಸಿದ. "ಸರ್ಕೊಳಮ್ಮಿ ಅತ್ಲಾಗೆ," ಎಂದ. ಮಧ್ಯಾಹ್ನದವರೆಗೂ ಕೊಳ್ಳಲು ಬಂದವರನ್ನೆಲ್ಲ ಗೇಲಿ ಮಾಡಿದ. ಅವರು ನಗುತ್ತಲೇ ಕೊಂಡರು. ಆ ದಿನಗಳು ನಾಗಮಣಿಗೆ ಚೆನ್ನಾಗಿದ್ದವು. ಮಳೆ ಬಿದ್ದು ಭತ್ತದ ನಾಟಿ ಶುರುವಾದ ಮೇಲೆ ಅವನು ಬರುವುದು ಅಪರೂಪವಾಯಿತು.

ಹಾಸ್ಟೆಲು ಮತ್ತೆ ತೆರೆದು ಅಂಬರೀಶನ ಆಟೋ ಬರತೊಡಗಿದ ವಾರ, ಶುಕ್ರವಾರ, ನಾಗಮಣಿ ಬದನೆಕಾಯಿ ತೂಗುತ್ತಿದ್ದಾಗ ಶೋಭಿತಾ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು.

"ಅಕ್ಕ, ನನ್ನನ್ನ ಮಳವಳ್ಳಿಗೆ ಹಾಕಿದಾರೆ. ಸೋಮವಾರದಿಂದ."

"ಮಳವಳ್ಳಿಗಾ?"

"ಇಲ್ಲಿ ನಿಮ್ಮದು ನಡೀತಾ ಇದೆಯಲ್ಲ. ಅಲ್ಲಿ ಇನ್ನೂ ಶುರು ಮಾಡ್ಬೇಕು."

ಮುಂದೆ ನಿಂತಿದ್ದವನು ಚಿಲ್ಲರೆ ಕೇಳಿದ. ಇನ್ನೊಬ್ಬಳು ಸೊಪ್ಪಿನ ಕಟ್ಟು ಬಿಚ್ಚಿ ನೋಡುತ್ತಿದ್ದಳು. ನಾಗಮಣಿ ಇಬ್ಬರನ್ನೂ ಕಳಿಸಿ ತಿರುಗುವ ಹೊತ್ತಿಗೆ ಶೋಭಿತಾ ರಸ್ತೆಯ ಆಚೆ ಸ್ಕೂಟರು ಹತ್ತಿ ಕೈ ಎತ್ತಿದ್ದಳು. ಬಸ್ಸೊಂದು ಮಧ್ಯೆ ಬಂತು.

ಒಂದೂವರೆ ತಿಂಗಳು ಕಳೆಯಿತು. ಒಂದು ಬುಧವಾರ ನಾಗಮಣಿ ಚೀಲದಲ್ಲಿ ಬದನೆಕಾಯಿ, ಸೊಪ್ಪು ತುಂಬಿ, ಒಂದು ಡಬ್ಬಿಯಲ್ಲಿ ಮುದ್ದೆ ಗೊಜ್ಜು ಕಟ್ಟಿಕೊಂಡು ಮಳವಳ್ಳಿಯ ಬಸ್ಸು ಹತ್ತಿದಳು. ಫೋನು ಮಾಡಿ ಹೇಳಿರಲಿಲ್ಲ. ಯಾಕೆ ಬರುತ್ತೀರಿ ಎಂದು ಕೇಳಿಯಾಳೆಂದು ಹೆದರಿದ್ದಳು. ಆಫೀಸಿನಲ್ಲಿದ್ದವರು ಪಕ್ಕದ ಹಳ್ಳಿಯಲ್ಲಿ ಸಭೆ ಇದೆ ಎಂದರು. ಆಟೋ ಮಾಡಿಕೊಂಡು ಹೋದಳು. ಶಾಲೆಯ ಜಗಲಿಯ ಮೇಲೆ ಹದಿನೈದು ಇಪ್ಪತ್ತು ಜನ ರೈತರು ಕುಳಿತಿದ್ದರು. ಶೋಭಿತಾ ಮಾತಾಡಿ ಮುಗಿಸಿದ್ದಳು. ಎದುರಿಗಿದ್ದವರು ಮೊದಲು ಇನ್ನೊಬ್ಬರು ಒಪ್ಪಲಿ ಎಂದು ಕಾಯುತ್ತಿದ್ದರು. ಅವಳು ಮೊದಲಿಗಿಂತ ಇಳಿದುಹೋಗಿದ್ದಳು.

ನಾಗಮಣಿಯನ್ನು ನೋಡಿ ಅವಳ ಮುಖ ಒಂದು ಗಳಿಗೆ ಬದಲಾಯಿತು. "ಇವರು ಕೊತ್ತತ್ತಿಯ ನಾಗಮಣಕ್ಕ. ಹಾಸ್ಟೆಲಿಗೆ ಮೊದಲು ಕೊಟ್ಟವರು ಇವರೇ. ಏನಾಯ್ತು ಅಂತ ನೀವೇ ಹೇಳಿ ಅಕ್ಕ," ಎಂದಳು.

ನಾಗಮಣಿ ಚೀಲ ಕೆಳಗಿಟ್ಟು ನಿಂತಳು. ಅಷ್ಟು ಜನರ ಮುಂದೆ ಎಂದೂ ಮಾತಾಡಿರಲಿಲ್ಲ.

"ರೇಟು ಸಿಕ್ತದೆ. ಅದ್ರಲ್ಲಿ ಸುಳ್ಳಿಲ್ಲ," ಎಂದಳು. "ರಜಕ್ಕೆ ಬೀಗ ಆಕ್ತಾರೆ, ಅದ್ನ ಮದ್ಲೇ ಕೇಳ್ಕಳಿ. ಒಂದೇ ಕಡೆ ನಂಬ್ಕಂಡು ಕುಂತ್ಕಬ್ಯಾಡಿ." ಸ್ವಲ್ಪ ತಡೆದಳು. "ಇನ್ನೊಂದದೆ. ನಾನು ಟೆಂಪೋ ಬುಟ್ಟು ಒಬ್ಳೇ ಓದೆ. ಓದ ಮ್ಯಾಲೆ ಇಂದಕ್ಕೆ ಬರಾಕಾಗ್ನಿಲ್ಲ. ಆಸ್ಟೆಲಲ್ಲೂ ನಂಗೆ ಜಾಗ ಇರ್ನಿಲ್ಲ. ನೀವು ಓದ್ರೆ ನಾಕು ಜನ ಒಟ್ಗೆ ಓಗಿ. ಒಬ್ರನ್ನೇ ಕಳ್ಸಿ ನೋಡ್ಬ್ಯಾಡಿ."

ಜಗಲಿಯ ಮೇಲೆ ಯಾರೋ ಕೆಮ್ಮಿದರು. ಶೋಭಿತಾ ಅವಳನ್ನೇ ನೋಡುತ್ತಿದ್ದಳು. ಇದನ್ನು ನಾಗಮಣಿ ಅವಳಿಗೂ ಹೇಳಿರಲಿಲ್ಲ.

ಸಭೆ ಮುಗಿದ ಮೇಲೆ ಇಬ್ಬರೂ ಶಾಲೆಯ ಮೆಟ್ಟಿಲ ಮೇಲೆ ಕುಳಿತು ಡಬ್ಬಿ ಬಿಚ್ಚಿದರು. ಅರ್ಧ ಊಟಕ್ಕೆ ಶೋಭಿತಾಗೆ ಫೋನು ಬಂತು. ಇನ್ನೊಂದು ಹಳ್ಳಿಯಲ್ಲಿ ಜನ ಕಾಯುತ್ತಿದ್ದರು. ಉಳಿದ ಗೊಜ್ಜನ್ನು ನಾಗಮಣಿ ಅವಳ ಬ್ಯಾಗಿಗೆ ಹಾಕಿಕೊಟ್ಟಳು. "ರಾತ್ರಿಗೆ ಅನ್ನ ಒಂದು ಮಾಡ್ಕೊ ಸೋಬಿತವ್ವ," ಎಂದಳು. ಶೋಭಿತಾ ಅವಳನ್ನು ಸ್ಕೂಟರಿನಲ್ಲಿ ಬಸ್‌ ಸ್ಟ್ಯಾಂಡಿಗೆ ಬಿಟ್ಟು, ಇಂಜಿನ್ನು ಆರಿಸದೆಯೇ ಹೊರಟಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಪಕ್ಕದ ಸೀಟು ಕೊತ್ತತ್ತಿಯವರೆಗೂ ಖಾಲಿಯೇ ಇತ್ತು.

ಎರಡು ದಿನ ಬಿಟ್ಟು, ಶುಕ್ರವಾರದ ವ್ಯಾಪಾರ ಮುಗಿಸಿ ಬಂದ ಸಂಜೆ, ಶೋಭಿತಾಳ ಫೋನು ಬಂತು. "ಅಕ್ಕ, ಆ ಊರಲ್ಲಿ ಐದು ಜನ ಒಪ್ಪಿದ್ರು. ಐದೂ ಜನ ಒಟ್ಟಿಗೇ."

"ಒಳ್ಳೇದಾಯ್ತು ಬುಡು."

ಆ ಕಡೆ ಯಾರೋ ಮೇಡಂ ಎಂದು ಕರೆದರು. "ಆಮೇಲೆ ಮಾಡ್ತೀನಿ ಅಕ್ಕ," ಎಂದು ಶೋಭಿತಾ ಫೋನು ಇಟ್ಟಳು.

ನಾಗಮಣಿ ಬದನೆ ಸಾಲಿನಲ್ಲಿ ನಿಂತಿದ್ದಳು. ನಾಳೆ ಯಾವ ವಾರ ಎಂದು ಲೆಕ್ಕ ಹಾಕಿದಳು, ಶನಿವಾರ. ಮಂಗಳವಾರಕ್ಕೆ ಮುಂಚೆ ಇನ್ನೂ ಮೂರು ದಿನವಿತ್ತು. ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ಕಳೆ ಕೀಳತೊಡಗಿದಳು.