ಅಪ್ಪ ನಡೆಸಿದ ಸಂದರ್ಶನ

ಆ ಓಣಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ‘ಮೇಜರ್’. ಸೇನೆಯ ಅಧಿಕಾರಿ ಆಯ್ಕೆಗೆ ಎರಡು ಸಲ ಹೋಗಿ, ಎರಡು ಸಲವೂ ಮುಖ ಸಪ್ಪೆ ಮಾಡಿಕೊಂಡು ಬಂದವನಿಗೆ ಅದಕ್ಕಿಂತ ಚುಚ್ಚುವ ಹೆಸರು ಇನ್ನೇನಿದ್ದೀತು? ಇದು ಮೂರನೆಯ ಸಲ, ಕೊನೆಯದು. ವಯಸ್ಸು ಮೀರುತ್ತಾ ಬಂದಿತ್ತು. ಈ ಸಲ ತಪ್ಪಿದರೆ ಈಗ ದುಡಿಯುತ್ತಿರುವ ಟೈರ್ ಅಂಗಡಿಯೇ ಜನ್ಮಕ್ಕೆ ಗತಿ.

ಅವನಿಗೆ ತಯಾರಿ ಮಾಡಿಸುತ್ತಿದ್ದವರು ಅಪ್ಪ. ಅಪ್ಪನೇನು ಓದಿಕೊಂಡವರಲ್ಲ, ಜೀವಮಾನವೆಲ್ಲ ಸೇನೆಯ ಅಧಿಕಾರಿಗಳ ಕಾರು ಓಡಿಸಿದವರು. “ಸಾಹೇಬರಿಗೆ ಸಲಾಮು ಹೊಡೆದೋರು ಸಾವಿರ ಜನ ಇರಬಹುದು. ಕನ್ನಡೀಲಿ ಅವರ ಮುಖ ಓದಿದೋನು ನಾನು,” ಎನ್ನುತ್ತಿದ್ದರು. ಅದರಲ್ಲಿ ಅರ್ಧ ಬಡಾಯಿ. ಆದರೂ ಸಂಜೆ ಮಗ ಅಂಗಡಿಯಿಂದ ಬಂದು ಕೈಯ ಕರಿ ತೊಳೆದುಕೊಳ್ಳುವಷ್ಟರಲ್ಲಿ ಅವರು ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ, ಮುಂದಿನ ಕೋಣೆಯ ಮೇಜಿನ ಹಿಂದೆ ಕೂತಿರುತ್ತಿದ್ದರು. ಮಗ ಬಾಗಿಲು ತಟ್ಟಿ ಒಳಗೆ ಬರಬೇಕು. ತಟ್ಟಿದ ಗಳಿಗೆಯಿಂದ ಅಪ್ಪ ಅಪ್ಪನಲ್ಲ, ‘ಸರ್’. ಮಗನಿಗೂ ಬಹುವಚನ.

“ನನ್ನ ಹತ್ರ ಬಂದ್ರೆ ಸೊಪ್ಪು ಸೋಸೋ ಅಪ್ಪ, ಅಲ್ಲಿ ಕೂತ್ರೆ ಜನರಲ್!” ಎಂದು ಅಕ್ಕ ಒಳಗಿನಿಂದಲೇ ಛೇಡಿಸುತ್ತಿದ್ದಳು. ಅಮ್ಮ ಹೋದ ಮೇಲೆ ಆ ಮನೆ ನಿಂತಿದ್ದು ಅವಳ ಹೊಲಿಗೆ ಯಂತ್ರದ ಮೇಲೆ.

ಮೊದಲ ಸಲದ ಕತೆಯನ್ನು ಹೇಳಲೇಬೇಕು. “ನಿಮ್ಮ ತಂದೆ ಏನು ಮಾಡ್ತಾರೆ?” ಎಂದು ಕೇಳಿದ್ದಕ್ಕೆ ಈ ಮಹಾಶಯ, “ಸೇನೆಯ ಸಾರಿಗೆ ವಿಭಾಗದಲ್ಲಿ ಹುದ್ದೆಯಲ್ಲಿದ್ದರು ಸರ್,” ಎಂದಿದ್ದ. “ಯಾವ ಹುದ್ದೆ?” ಎಂದಾಗ ಬೆಬ್ಬೆಬ್ಬೆ. ಅಲ್ಲಿಗೆ ಮುಗಿಯಿತು. ಮನೆಗೆ ಬಂದು ಹೇಳಿದಾಗ ಅಪ್ಪ, “ಡ್ರೈವರ್ ಅನ್ನೋಕೆ ನಾಲಿಗೆ ಸುಟ್ಟುಹೋಗ್ತಿತ್ತೇನೋ?” ಎಂದರು. ಅಂದಿನಿಂದ ಅವರದು ಒಂದೇ ಪಾಠ: ಸೋತರೂ ಪರವಾಗಿಲ್ಲ, ಸುಳ್ಳು ಬೇಡ.

ಅಂಥ ಅಪ್ಪನಿಗೇ ಮಗ ಸುಳ್ಳು ಹೇಳಿದ್ದ. ಅದೂ ಈ ವಾರವೇ.

ಅಪ್ಪನ ಕೆಮ್ಮು ತಿಂಗಳುಗಟ್ಟಲೆ ಬಿಟ್ಟಿರಲಿಲ್ಲ. ಅಂಗಿಯ ಕಾಲರಿನೊಳಗೆ ಕತ್ತು ಸಡಿಲವಾಗಿ ಅಲ್ಲಾಡುವಂತಾಗಿತ್ತು. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಮಗನೊಬ್ಬನನ್ನೇ ಒಳಗೆ ಕರೆದು, ಕಾಯಿಲೆ ಎರಡೂ ಶ್ವಾಸಕೋಶಕ್ಕೆ ಹರಡಿದೆ, ಕತ್ತರಿಸಿ ತೆಗೆಯುವ ಹಾಗಿಲ್ಲ, ಮೂರು ತಿಂಗಳು ಸಿಕ್ಕರೆ ಹೆಚ್ಚು ಎಂದರು. ಹೊರಗೆ ಬೆಂಚಿನ ಮೇಲೆ ಅಪ್ಪ ಕಾಲಾಡಿಸುತ್ತ ಕೂತಿದ್ದರು. “ಏನಂತೋ?” ಎಂದರು. “ಕಫ ಕಟ್ಟಿದೆಯಂತೆ ಅಪ್ಪ. ಮಾತ್ರೆ ಕೊಟ್ಟಿದಾರೆ.” ಅಯ್ಯೋ, ಎಷ್ಟು ಸಲೀಸಾಗಿ ಬಂತು ಆ ಮಾತು! ಡ್ರೈವರ್ ಎನ್ನಲು ಬಾರದ ನಾಲಿಗೆ ಇದಕ್ಕೆ ಒಂದಿಷ್ಟೂ ತೊದಲಲಿಲ್ಲ.

ಅಕ್ಕನಿಗೆ ಮಾತ್ರ ನಿಜ ಹೇಳಿದ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು, ಆಮೇಲೆ ತಿರುಗಿಬಿದ್ದಳು. “ಅವರ ಜೀವ ಕಣೋ ಅದು. ಬಚ್ಚಿಡೋಕೆ ನೀನ್ಯಾವೋನು?”

“ಸಂದರ್ಶನ ಒಂದು ಮುಗೀಲಿ ಅಕ್ಕಾ. ಅವರ ಮನಸ್ಸಿಗೆ ಯಾಕೆ ನೋವು?”

“ಅವರ ಮನಸ್ಸಿಗೋ, ನಿನ್ನ ಸಂದರ್ಶನಕ್ಕೋ?”

ಅಪ್ಪನಿಗೆ ಗೊತ್ತಾದರೆ ತನಗೆ ಮನೆಯಿಂದ ಕಾಲು ಕೀಳಲಾಗುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೊರಡುವ ಹಿಂದಿನ ಸಂಜೆ ಕೊನೆಯ ತಯಾರಿ. ಮಗ ಬಾಗಿಲು ತಟ್ಟಿದ, ಒಳಗೆ ಬಂದ, ಹೇಳಿದ ಮೇಲೆ ಕೂತ. ಅಪ್ಪ ಎರಡು ಸಲ ಕೆಮ್ಮಿ, ನೀರು ಕುಡಿದು, ಶುರು ಮಾಡಿದರು.

“ನಿಮ್ಮ ತಂದೆ?”

“ಡ್ರೈವರ್ ಆಗಿದ್ದರು ಸರ್.”

“ಸಂತೋಷ. ಎರಡು ಸಲ ಯಾಕೆ ಸೋತಿರಿ?”

“ಮೊದಲ ಸಲ ಸುಳ್ಳು ಹೇಳಿದೆ ಸರ್. ಎರಡನೇ ಸಲ ಹೆದರಿದೆ.”

ಅಪ್ಪ ತಲೆಯಾಡಿಸಿದರು. ಮೇಜಿನ ಅಂಚನ್ನು ಬೆರಳಲ್ಲಿ ಸವರುತ್ತ, ಮುಖ ಎತ್ತದೆ, ಮುಂದಿನದನ್ನು ಕೇಳಿದರು.

“ನಿಮ್ಮ ಕೈಕೆಳಗಿನ ಸೈನಿಕನೊಬ್ಬನಿಗೆ ಏಟು ಬಿದ್ದಿದೆ. ಉಳಿಯಲ್ಲ ಅಂತ ಡಾಕ್ಟರು ನಿಮಗೆ ಹೇಳಿದಾರೆ, ಅವನಿಗೆ ಹೇಳಿಲ್ಲ. ನಾನು ಉಳೀತೀನಾ ಸರ್ ಅಂತ ಅವನು ನಿಮ್ಮನ್ನೇ ಕೇಳ್ತಾನೆ. ಏನು ಹೇಳ್ತೀರಿ?”

ಇಂಥ ಪ್ರಶ್ನೆಗೆ ಉತ್ತರ ಕಂಠಪಾಠವಾಗಿತ್ತು. ನಾಲಿಗೆ ತಾನಾಗಿಯೇ ಹೊರಟುಬಿಟ್ಟಿತು. “ನಿಜ ಹೇಳ್ತೀನಿ ಸರ್. ಮನೆಯವರಿಗೆ ಏನಾದರೂ ಹೇಳೋದಿದ್ರೆ ಹೇಳು ಅಂತ...”

ಅಲ್ಲಿಗೆ ನಿಂತ. ಒಳಗೆ ಹೊಲಿಗೆ ಯಂತ್ರವೂ ನಿಂತಿತು.

“ಯಾಕೆ ನಿಲ್ಲಿಸಿದ್ರಿ? ನಿಜ ಹೇಳ್ತೀನಿ ಅಂದ್ರಲ್ಲ. ಹೇಳಿ.”

ಕಫ ಎನ್ನುವ ಪದ ನಾಲಿಗೆಯ ತುದಿಗೇ ಬಂದಿತ್ತು. ಈಗ ಅಪ್ಪ ಮುಖವೆತ್ತಿ ನೋಡುತ್ತಿದ್ದರು.

“ಎರಡೂ ಶ್ವಾಸಕೋಶಕ್ಕೆ ಹರಡಿದೆ ಸರ್. ಆಪರೇಷನ್ ಮಾಡೋ ಹಾಗಿಲ್ಲವಂತೆ.”

“ಎಷ್ಟು ದಿನ?”

“ಮೂರು ತಿಂಗಳು. ಹೆಚ್ಚಂದ್ರೆ.”

ಅಪ್ಪ ಕಾಲರು ಸರಿಮಾಡಿಕೊಂಡರು. “ಆಯ್ಕೆಯಾದ್ರೆ ನಿಮ್ಮ ತರಬೇತಿ ಎಷ್ಟು ಕಾಲ?”

“ಒಂದು ವರ್ಷ ಸರ್.”

“ಅಂದ್ರೆ ನಿಮ್ಮ ಹೆಗಲಿಗೆ ನಕ್ಷತ್ರ ಇಡೋ ದಿನ ಅವನು ಇರಲ್ಲ.”

“ಇರಲ್ಲ ಸರ್.”

ಅಕ್ಕ ಬಾಗಿಲಿಗೆ ಬಂದು ನಿಂತಳು. ಅಪ್ಪ ಲೋಟಕ್ಕೆ ಕೈ ಹಾಕಿದರು, ಎತ್ತಲಾಗದೆ ಅಲ್ಲೇ ಬಿಟ್ಟರು. ಮಗನಿಗೆ ಇನ್ನು ತಡೆಯಲಾಗಲಿಲ್ಲ.

“ಅಪ್ಪಾ, ನಾಳೆ ಹೋಗ್ಲಾ, ಬೇಡ್ವಾ?”

ಹೋಗು ಎನ್ನುತ್ತಾರೆಂದೇ ಅವನು ನಂಬಿದ್ದ. ಹಾಗೆಂದೇ ಕೇಳಿದ್ದ. ಎಷ್ಟಾದರೂ ಈ ಮನೆಯಲ್ಲಿ ಆ ಕನಸು ಮೊದಲು ಕಂಡವರು ಅವರೇ.

“ಹೋಗು ಅನ್ನಬೇಕು. ಗೊತ್ತು ನಂಗೆ,” ಎಂದರು ಅಪ್ಪ. “ಅದೊಂದೇ ಆಸೆ ಇಟ್ಕೊಂಡು ಬದುಕಿದೋನು. ಆದ್ರೆ ಬಾಯಿ ಬರ್ತಿಲ್ಲ ಕಣೋ. ಹೋಗ್ಬೇಡ. ನಂಗೆ ಭಯ ಆಗ್ತಿದೆ.”

ಮೇಜರ್ ಎದ್ದು, ತನ್ನ ಕುರ್ಚಿಯನ್ನು ಮೇಜಿನ ಆಚೆ ಬದಿಗೆ, ಅಪ್ಪನ ಪಕ್ಕಕ್ಕೆ ಎಳೆದುಕೊಂಡು ಕೂತ. “ಹೋಗಲ್ಲ ಅಪ್ಪ,” ಎಂದ. ಹೇಳುವಾಗ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು. ಅಪ್ಪನ ಕೈ ಹಿಡಿದುಕೊಂಡಿದ್ದರೂ ಆ ಸಿಟ್ಟು ಹೋಗಲಿಲ್ಲ, ಅವನು ಕೈಯನ್ನೂ ಬಿಡಲಿಲ್ಲ.