ಹತ್ತನೇ ನಂಬರಿನ ಕಥೆ

"ಇನ್ನು ಉಳಿದದ್ದು ಹತ್ತನೇ ನಂಬರು," ಎಂದು ಸುಧಾಕರ ಕೈಯಲ್ಲಿದ್ದ ಕಾಗದವನ್ನು ಮಡಿಸಿ ಜೇಬಿಗಿಟ್ಟ. "ಎಲ್ಲೋ ದೂರದ ಗ್ರಹದಲ್ಲಿ ಒಬ್ಬಳು ಹೆಂಗಸು. ದಿನಾ ಅಲ್ಲಿನ ಗಾಳಿ ಬಿಸಿಲಿನ ವರದಿ ಭೂಮಿಗೆ ಕಳಿಸುವುದು ಅವಳ ನೌಕರಿ. ಮೊದಲ ದಿನವೇ ವರದಿಯ ಕೆಳಗೆ, ಅಮ್ಮ ಹೇಗಿದ್ದಾಳೆ ಅಂತ ಕೇಳ್ತಾಳೆ. ಉತ್ತರ ಬರುವುದು ಹನ್ನೊಂದು ವರ್ಷಕ್ಕೆ. ಅಷ್ಟರವರೆಗೆ ಕಾಯುವುದು, ಅಳುವುದು. ಇದರಲ್ಲಿ ವಿಜ್ಞಾನ ಎಲ್ಲಿ ಉಂಟು ಮಾರಾಯ್ರೆ? ಹೆಂಗಸರ ಕಣ್ಣೀರಿನ ಕಥೆ. ರಾಕೆಟ್ಟಿನಲ್ಲಿ ಕೂತು ಅತ್ತರೂ ಅಳು ಅಳುವೇ ಅಲ್ವಾ?"

ಸಭೆ ಗೊಳ್ಳೆಂದು ನಕ್ಕಿತು. ನಾಸಿಕದ ಕನ್ನಡ ಸಂಘದ ಸಭೆ ಅದು. ಭಾನುವಾರ ಬೆಳಿಗ್ಗೆ, ಮರಾಠಿ ಶಾಲೆಯೊಂದರಿಂದ ಬೇಡಿ ಪಡೆದ ಸಭಾಂಗಣದಲ್ಲಿ. ಎಡಕ್ಕೆ ಬೆಂಚುಗಳ ಮೇಲೆ ಉಡುಪಿ ಕಡೆಯ ಹೋಟೆಲಿನವರು, ಬೀದರ, ಗುಲಬರ್ಗಾ ಕಡೆಯ ವ್ಯಾಪಾರಿಗಳು, ಸಾತಪುರದ ಕಾರ್ಖಾನೆಗಳ ನೌಕರರು. ಬಲಕ್ಕೆ ಜಮಖಾನೆಯ ಮೇಲೆ ಹೆಂಗಸರು. ಅಲ್ಲಿಯೂ ನಗು ಎದ್ದಿತು. ನಗದೆ ಕುಳಿತವಳು ಒಬ್ಬಳೇ, ಸುಧಾಕರನ ಹೆಂಡತಿ ಹರಿಣಾಕ್ಷಿ. ಅವಳು ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಸುಧಾಕರ ಆ ಕಡೆ ನೋಡಲಿಲ್ಲ. ನೋಡುವ ಧೈರ್ಯ ಅವನಿಗಿರಲಿಲ್ಲ.

ಯಾಕೆಂದರೆ ಈ ಒಂದು ಗಂಟೆಯಿಂದ ಅವನು ಆಡಿದ ಮಾತೆಲ್ಲ, ಈ ಕೊನೆಯದೊಂದು ಬಿಟ್ಟು, ಅವಳದು. ಸುಧಾಕರನಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಅದೇನೂ ಅಪರಾಧವಲ್ಲ. ಅವನ ಅಪ್ಪ ಕಿಟ್ಟಣ್ಣ ಪಂಚವಟಿಯಲ್ಲಿ ಹೋಟೆಲು ಇಟ್ಟ ಮೇಲೆ ಹುಟ್ಟಿದವನು, ಮುನಿಸಿಪಾಲಿಟಿಯ ಮರಾಠಿ ಶಾಲೆಯಲ್ಲಿ ಕಲಿತವನು. ಕನ್ನಡ ಕಿವಿಗೆ ಬಿದ್ದಿತ್ತು, ಬಾಯಿಗೂ ಬಂದಿತ್ತು; ಅಕ್ಷರಗಳು ಮಾತ್ರ ಬಾಣಲೆಯ ಚಕ್ಕುಲಿಗಳಂತೆ ಕಾಣುತ್ತಿದ್ದವು. ಆ ಸಭೆಯಲ್ಲಿದ್ದ ಅರ್ಧ ಮಕ್ಕಳ ಹಣೆಬರಹವೂ ಅದೇ. ಆದರೆ ಸಂಘದ ಅಧ್ಯಕ್ಷ ಮನ್ಮಥಪ್ಪ ಒಮ್ಮೆ ಚಹಾ ಕುಡಿಯುವಾಗ ಇವನು ಮರಾಠಿ ಮಾಸಿಕದ ವಿಜ್ಞಾನ ಕಥೆಗಳ ಬಗ್ಗೆ ಮಾತಾಡಿದ್ದನ್ನು ಕೇಳಿ, ಇವನೊಬ್ಬ ದೊಡ್ಡ ಓದುಗನೆಂದು ಊರೆಲ್ಲ ಸಾರಿಬಿಟ್ಟಿದ್ದರು. ಅಲ್ಲ ಎನ್ನಲು ಸುಧಾಕರನ ಜಂಬ ಬಿಡಲಿಲ್ಲ. ಕೊನೆಗೆ ಹಳೆಯ ಕಾಲದ ಹತ್ತು ವಿಜ್ಞಾನ ಕಥೆಗಳ ಕನ್ನಡ ಅನುವಾದವೊಂದು ಅವನ ಕೈಗೆ ಬಂತು. ವಿಮರ್ಶೆ ಮಾಡಬೇಕು, ಎಲ್ಲಕ್ಕಿಂತ ಒಳ್ಳೆಯದಕ್ಕೆ ಒಂದು, ಕಳಪೆಗೆ ಹತ್ತು, ಹೀಗೆ ನಂಬರು ಕೊಡಬೇಕು.

ಮದುವೆಯಾದ ಮೊದಲ ತಿಂಗಳಲ್ಲೇ ಹರಿಣಾಕ್ಷಿಗೆ ವಿಷಯ ತಿಳಿದಿತ್ತು. ಅವಳ ಅಪ್ಪ ಬರೆದ ಕಾಗದವನ್ನು ಅವನು ಹಿಂದೆ ಮುಂದೆ ತಿರುಗಿಸಿ, "ಕಣ್ಣು ಉರೀತಾ ಉಂಟು, ನೀನೇ ಓದು," ಎಂದಿದ್ದ. ಅವಳು ಓದಿದಳು. ಅಂದಿನಿಂದ ಇಂದಿನವರೆಗೆ ಆ ಮಾತನ್ನು ಎತ್ತಲಿಲ್ಲ. ಈ ಪುಸ್ತಕವನ್ನೂ ಹಾಗೆಯೇ ಓದಿದಳು. ಕಾರ್ಖಾನೆಯಲ್ಲಿ ಮೊದಲ ಶಿಫ್ಟು ಮುಗಿಸಿ ನಾಲ್ಕಕ್ಕೆ ಅವನು ಮನೆಗೆ ಬಂದು ಕಾಫಿ ಕುಡಿಯುವಾಗ ದಿನಕ್ಕೊಂದು ಕಥೆ. ಓದಿ ಮುಗಿಸಿ ತನಗೆ ಕಂಡದ್ದನ್ನು ಹೇಳುವಳು. ಅವನು ಅದನ್ನು ಮರಾಠಿ ಲಿಪಿಯಲ್ಲಿ ಬರೆದುಕೊಳ್ಳುವನು. "ಇದರಲ್ಲಿ ಯಂತ್ರ ಜಾಸ್ತಿ ಆಯ್ತು, ಮನುಷ್ಯರು ಕಡಿಮೆ ಬಿದ್ದರು," ಎಂದು ಅವಳು ಹೇಳಿದ್ದ ಮಾತಿಗೆ ಇವತ್ತು ಅವನಿಗೆ ಚಪ್ಪಾಳೆ ಸಿಕ್ಕಿತ್ತು.

ಗಾಳಿ ಬಿಸಿಲಿನ ಹೆಂಗಸಿನ ಕಥೆ ಓದುವಾಗ ಅವಳು ಅತ್ತಿದ್ದಳು. ಮುಖ ಒರೆಸಿಕೊಂಡು, "ಇದಕ್ಕೆ ಒಂದನೇ ನಂಬರು. ಕಣ್ಣು ಮುಚ್ಚಿ ಕೊಡಿ," ಎಂದಿದ್ದಳು. ಅವನು ಆಯಿತೆಂದೂ ಹೇಳಿದ್ದ. ಆಮೇಲೆ, ಗಂಡಸರ ಮುಂದೆ ಇಂಥ ಕಥೆಯನ್ನು ತಲೆಯ ಮೇಲೆ ಹೊತ್ತು ಕುಣಿದರೆ ತನ್ನನ್ನು ನೋಡಿ ನಗುತ್ತಾರೆ ಅನಿಸಿತು. ಸಮುದ್ರ ಒಣಗಿಸುವ ಯಂತ್ರದ ಕಥೆಯನ್ನು ಮೇಲೆತ್ತಿ, ಇದನ್ನು ತಳಕ್ಕೆ ನೂಕಿದ. ಅವಳಿಗೆ ಹೇಳಲಿಲ್ಲ.

"ಭಾರಿ ಆತ್ರಿ ಸುಧಾಕರರಾವ್!" ಮನ್ಮಥಪ್ಪ ಎದ್ದು ನಿಂತರು. "ಹಂಗಿದ್ರ ಆ ಹತ್ತನೇ ಕಥಿದು ನಾಕು ಸಾಲು ಓದಿ ತೋರಸ್ರಿ. ಎಷ್ಟು ಅಳ್ತಾಳ, ನಾವೂ ನೋಡೇಬಿಡೋಣು."

ಪುಸ್ತಕ ಅವನ ಕೈಗೆ ಬಂತು. ಮುಖಪುಟದ ಮೇಲೆ ರಾಕೆಟ್ಟಿನ ಚಿತ್ರ ಇದ್ದುದರಿಂದ ತಲೆಕೆಳಗಾಗಿ ಹಿಡಿಯಲಿಲ್ಲ, ಅಷ್ಟೇ. ಆ ಕಥೆ ಎಲ್ಲಿ ಶುರುವಾಗುತ್ತದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಒಂದು ಪುಟ ಮಗುಚಿದ, ಇನ್ನೊಂದು ಮಗುಚಿದ.

"ಕನ್ನಡಕ ಮನೆಯಲ್ಲೇ ಉಳೀತು," ಎಂದ.

"ನಿಂಗೆ ಕನ್ನಡಕ ಯಾವಾಗ ಬಂತು ಮಾರಾಯ?" ಎದುರಿನ ಬೆಂಚಿನಿಂದ ಹೋಟೆಲಿನ ಉಮಾನಾಥ ಕೇಳಿದ. ನಿನ್ನೆ ಸಂಜೆಯೂ ಜೊತೆಗೆ ಇಸ್ಪೀಟು ಆಡಿದವನು.

ಸುಧಾಕರ ಮತ್ತೊಂದು ಪುಟ ಮಗುಚಿದ. ನೆಲ ಬಾಯಿಬಿಟ್ಟರೆ ಸಾಕೆನಿಸಿತು.

"ಮೊನ್ನೆಯಷ್ಟೇ ಮಾಡಿಸಿದ್ದು," ಎಂದು ಹೆಂಗಸರ ನಡುವಿನಿಂದ ಹರಿಣಾಕ್ಷಿ ಎದ್ದಳು. "ಕೊಡಿ, ನಾನು ಓದ್ತೇನೆ."

ಅವನ ಮುಖ ನೋಡದೆ ಪುಸ್ತಕ ತೆಗೆದುಕೊಂಡಳು. ಪುಟ ಹುಡುಕಬೇಕಾಗಲಿಲ್ಲ. ಹನ್ನೊಂದು ವರ್ಷದ ಮೇಲೆ ಉತ್ತರ ಬರುವ ಭಾಗವನ್ನು ಓದಿದಳು. ಅಮ್ಮನ ಉತ್ತರ ಎರಡೇ ಸಾಲು: ನಾನು ಚೆನ್ನಾಗಿದ್ದೇನೆ, ನಿನ್ನ ಊಟ ಆಯಿತೇ? ಆ ಮಗಳು ಅಮ್ಮನ ವಯಸ್ಸನ್ನು ಲೆಕ್ಕ ಹಾಕುತ್ತಾಳೆ. ತನ್ನ ಮಾತು ಹೋಗಿ ಮುಟ್ಟುವಾಗ ಕೇಳಲು ಅಲ್ಲಿ ಯಾರೂ ಇರುವುದಿಲ್ಲವೆಂದು ತಿಳಿಯುತ್ತದೆ. ಆದರೂ ಅಂದಿನ ಗಾಳಿ ಬಿಸಿಲಿನ ವರದಿಯ ಕೆಳಗೆ, ಊಟ ಆಯಿತಮ್ಮ, ಎಂದು ಸೇರಿಸುತ್ತಾಳೆ.

ಉಮಾನಾಥ ತನ್ನ ಚಪ್ಪಲಿ ನೋಡುತ್ತ ಕುಳಿತಿದ್ದ. ಓದಿದ ಕಥೆಯಲ್ಲಿ ಅಳುವಿನ ಒಂದು ಸಾಲೂ ಇರಲಿಲ್ಲ. ಅತ್ತದ್ದು ಮನೆಯಲ್ಲಿ ಅದನ್ನು ಓದಿದ ಹರಿಣಾಕ್ಷಿ ಒಬ್ಬಳೇ ಎಂಬುದು ಸುಧಾಕರನಿಗೆ ಈಗ ಹೊಳೆಯಿತು. ಅದನ್ನೇ ಅವನು ನೂರು ಜನರ ನಗೆಗೆ ಬಡಿಸಿದ್ದ.

ಗುಲಬರ್ಗಾದ ರುಕ್ಮಿಣಿಬಾಯಿ, ಎಲ್ಲರಿಗಿಂತ ಹಿರಿಯರು, ಕಣ್ಣೊರೆಸಿಕೊಂಡರು. "ಏನ್ ಛಂದ ಓದಿದಿ ನಮ್ಮವ್ವ! ಇಷ್ಟು ಓದಿದ ಗಂಡ ಸಿಕ್ಕಾನ, ನಿನ್ನ ಪುಣ್ಯಾ." ಸುಧಾಕರನ ಕಡೆ ತಿರುಗಿದರು. "ನೀವ ಕಲಿಸೀರೇನ್ರಿ, ಹಿಂಗ ಓದೂದು?"

ಒಂದೇ ಒಂದು 'ಇಲ್ಲ' ಸಾಕಿತ್ತು. ಹರಿಣಾಕ್ಷಿ ಈಗ ಮೊದಲ ಬಾರಿಗೆ ಅವನ ಮುಖ ನೋಡಿದಳು. ಕಾದಳು. ಅವನು ಜೇಬಿನ ಕಾಗದವನ್ನು ಮುಟ್ಟಿ ನೋಡಿಕೊಂಡ.

"ಹೌದು," ಎಂದಳು ಅವಳೇ. "ಇವರೇ ಕಲಿಸಿದ್ದು."

ಚಪ್ಪಾಳೆ ಬಿತ್ತು. ಮನ್ಮಥಪ್ಪ ಅವನಿಗೆ ಹಾರ ಹಾಕಿ, ಕೈಗೊಂದು ತೆಂಗಿನಕಾಯಿ ಕೊಟ್ಟರು. ಅವನು ಎರಡೂ ಕೈ ಜೋಡಿಸಿದ. ತನ್ನ ಮೇಲೆ ತನಗೇ ಇಷ್ಟು ಹೇಸಿಗೆ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಗೋದಾವರಿ ಸೇತುವೆ ದಾಟುವಾಗ ಅವಳು ನಾಲ್ಕು ಹೆಜ್ಜೆ ಮುಂದಿದ್ದಳು. ಮನೆಗೆ ಬಂದು ಅಡಿಗೆ ಮಾಡಿದಳು, ಬಡಿಸಿದಳು, ಮಜ್ಜಿಗೆ ಬೇಕಾ ಎಂದೂ ಕೇಳಿದಳು. ಅವನು ಬಯ್ಗುಳಕ್ಕೆ ಕಾದ, ಅದು ಬರಲಿಲ್ಲ. ತಪ್ಪಾಯಿತೆನ್ನಲು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಉಪ್ಪು ಕೇಳಿದ.

ನಾಲ್ಕು ಗಂಟೆಗೆ ಎಂದಿನಂತೆ ಕಾಫಿ ಬಂತು. ಅವಳು ಎಂದಿನಂತೆ ಹೊಸ್ತಿಲ ಬಳಿ ಬೆಳಕಿಗೆ ಕುಳಿತು ಪುಸ್ತಕ ಬಿಚ್ಚಿದಳು. ಸುಧಾಕರನ ಎದೆ ಹಗುರವಾಯಿತು. ಲೋಟ ಹಿಡಿದು ಗೋಡೆಗೊರಗಿ ಕಿವಿಗೊಟ್ಟ.

ಸದ್ದಿಲ್ಲ. ಅವಳ ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ತುಟಿ ಸಹ ಅಲುಗುತ್ತಿರಲಿಲ್ಲ. ಬೆರಳು ಒದ್ದೆ ಮಾಡಿಕೊಂಡು ಒಂದು ಪುಟ ಮಗುಚಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು.

"ಯಾವ ಕಥೆ?" ಎಂದು ಕೇಳಿದ.

ಅವಳು ಪುಸ್ತಕವನ್ನು ಅವನ ಕಡೆ ತಿರುಗಿಸಿ, ಅವನಿಗೆ ಚೆನ್ನಾಗಿ ಕಾಣುವ ಹಾಗೆ ಎತ್ತಿ ಹಿಡಿದಳು. ಮೇಲೆ ದಪ್ಪ ಅಕ್ಷರದಲ್ಲಿ ಕಥೆಯ ಹೆಸರಿತ್ತು.

ಸುಧಾಕರ ಅದನ್ನು ತುಂಬ ಹೊತ್ತು ನೋಡಿದ.

"ಹೂಂ," ಎಂದ.