ಇಪ್ಪತ್ತಮೂರನೇ ಚೌಕ

ಅತ್ತೆ ನಿನ್ನೆ ಸಂಜೆಯ ಬಸ್ಸಿಗೆ ಊರಿಗೆ ಹೊರಟುಹೋದರು. ಬೆಳಗ್ಗೆ ಎದ್ದಾಗ ಮನೆಯಲ್ಲಿ ನಾನೊಬ್ಬಳೇ. ಕುಕ್ಕರಿಗೆ ಒಂದು ಲೋಟ ಅಕ್ಕಿ ಹಾಕಬೇಕೋ ಎರಡೋ ಎಂದು ನಿಂತಿದ್ದಾಗ ಫ್ರಿಜ್ಜಿನ ಮೇಲಿದ್ದ ನನ್ನ ಗಂಡ ಇನ್‌ಗ್ಯುವಿನ ಫೋನು ಹೊಡೆದುಕೊಂಡಿತು.

ಕಾರಿನ ಮುಂಗಾಜಿನ ಹಿಂದೆ ಬರೆದಿಟ್ಟಿರುವುದು ಅವನ ನಂಬರು. ಓಣಿಯವರು ಆ ನಂಬರಿಗೆ ಕರೆ ಮಾಡಿದಾಗ ಒಳ್ಳೆಯ ಮಾತಾಡಿದ್ದು ನನಗೆ ನೆನಪಿಲ್ಲ. ಆದರೂ ಎತ್ತಿಕೊಂಡೆ. ಹೊಡೆದುಕೊಳ್ಳುತ್ತಲೇ ಇರುವುದನ್ನು ಕೇಳಲಾಗಲಿಲ್ಲ.

"ಇಪ್ಪತ್ಮೂರರಲ್ಲಿ ನಿಂತಿರೋ ಬೂದು ಕಾರು ನಿಮ್ದೇ ಅಲ್ವಾ?" ಗಂಡಸಿನ ದಪ್ಪ ದನಿ. "ಸಂಜೆ ಆರಕ್ಕೆ ಬರ್ತೀನಿ. ಜಾಗ ಖಾಲಿ ಇರ್ಬೇಕು. ಮೂರು ತಿಂಗಳಿಗೆ ಅಂತ ಕೊಟ್ಟಿದ್ದು, ಮುಗೀತು. ಎಲ್ಲಿ, ಗೆರೆ ಸಾಹೇಬ್ರಿಗೆ ಕೊಡಿ ಫೋನು."

ನಾನು ಅಕ್ಕಿಯ ಲೋಟವನ್ನು ಕೆಳಗಿಟ್ಟೆ.

"ಮಲಗಿದಾನಾ? ಎದ್ಮೇಲೆ ಹೇಳಿ. ಆರು ಅಂದ್ರೆ ಆರು."

ಅವನು ಫೋನಿಟ್ಟ ಮೇಲೂ ನಾನು ಅದನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದೆ. ಕಾರು ನಿಲ್ಲಿಸುವ ಆ ಚೌಕ ನಮ್ಮದು ಎಂದೇ ಇನ್‌ಗ್ಯು ಹೇಳಿದ್ದ.

ಹೋದ ಚಳಿಗಾಲದಲ್ಲಿ ಏರಿನ ತುದಿಯ ಮನೆಗೆ ಬೆಂಕಿ ಬಿದ್ದಾಗ ಅಗ್ನಿಶಾಮಕದ ಗಾಡಿ ಓಣಿಯ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಎರಡೂ ಕಡೆ ಕಂಡ ಕಂಡವರ ಕಾರು. ಆಮೇಲೆ ಇನ್‌ಗ್ಯು ಒಂದು ಹಾಳೆ ಹಿಡಿದು ಮನೆಮನೆಗೆ ಹೋದ. ಇಲ್ಲಿ ವಾಸ ಇರುವವರಿಗೆ ಮಾತ್ರ ಪರವಾನಗಿ, ಒಂದೇ ಬದಿಗೆ ಚೌಕ, ಚೌಕಕ್ಕೊಂದು ನಂಬರು. ಅರ್ಧಕ್ಕಿಂತ ಹೆಚ್ಚು ಮನೆಯವರು ಸಹಿ ಹಾಕಿದರು. ಮಾರ್ಚಿನಲ್ಲಿ ವಾರ್ಡ್ ಕಚೇರಿಯವರು ಬಂದು ಬಿಳಿ ಗೆರೆ ಎಳೆದರು. ಚೌಕ ಇಪ್ಪತ್ತಾರು, ಕಾರು ನಲವತ್ತೊಂದು. ಸಿಗದ ಮನೆಯವರೆಲ್ಲ ಬೈದದ್ದು ಇವನನ್ನೇ. ಒಂದು ಬೆಳಗ್ಗೆ ಕಾರಿನ ಪಕ್ಕದ ಕನ್ನಡಿ ಮುರಿದು ನೇತಾಡುತ್ತಿತ್ತು. ಇನ್‌ಗ್ಯು ಟೇಪು ಸುತ್ತಿ ಕೆಲಸಕ್ಕೆ ಹೋದ.

ಏಳು ದಿನದ ಹಿಂದೆ ಅವನು ಕೆಲಸದಿಂದ ಬಂದು ಕಾರು ನಿಲ್ಲಿಸಿದ. ಮೇಲೆ ಬರಲಿಲ್ಲ. ಮೂರು ಸಲ ಫೋನು ಮಾಡಿ ಕೆಳಗಿಳಿದೆ. ಸೀಟು ಹಿಂದಕ್ಕೆ ವಾಲಿಸಿ ಮಲಗಿದ್ದಾನೆ ಎಂದುಕೊಂಡೆ. ಹೃದಯಾಘಾತ ಎಂದರು ಡಾಕ್ಟರು. ವಯಸ್ಸು ಮೂವತ್ನಾಲ್ಕು. ಮೈದುನ ಕಾರಿಗೆ ಬೀಗ ಹಾಕಿ ಕೀಲಿಯನ್ನು ಚಪ್ಪಲಿ ಗೂಡಿನ ಮೇಲಿಟ್ಟ. ಅಂದಿನಿಂದ ನಾನು ಆ ಗೂಡಿನ ಕಡೆ ನೋಡದೆ ಚಪ್ಪಲಿ ಮೆಟ್ಟುತ್ತೇನೆ.

ಕೆಳಮನೆಯ ಅಜ್ಜಿ ಬಾಗಿಲಲ್ಲಿ ಕೂತು ಮೊಳಕೆಕಾಳಿನ ಬಾಲ ಚಿವುಟುತ್ತಿದ್ದರು.

"ಅಜ್ಜಿ, ಇಪ್ಪತ್ಮೂರು ಯಾರದು?"

"ಅದು ಮೊಕ್‌ದಲ್ವಾ ಮಗಳೇ. ನಿನ್ನ ಗಂಡ ಹೇಳಿರ್ಲಿಲ್ವಾ?"

"ಇಲ್ಲ."

"ಹೇಳಲ್ಲ ಬಿಡು. ನಮ್ಮನೆಯೋನೂ ಅಷ್ಟೇ, ಸಾಯೋವರೆಗೂ..." ಅಜ್ಜಿ ನಿಲ್ಲಿಸಿ ಬುಟ್ಟಿಯೊಳಗೆ ನೋಡಿದರು. "ಓಣಿಗೆ ಬಂದು ಎಷ್ಟು ವರ್ಷ ಅಂತ ಅಂಕ ಕೊಟ್ಟು ಚೌಕ ಹಂಚಿದ್ರಲ್ಲ. ನೀವು ಬಂದು ಎರಡು ವರ್ಷನೂ ಆಗಿರ್ಲಿಲ್ಲ. ಗೆರೆ ಎಳೆಸಿದೋನಿಗೇ ಗೆರೆ ಇಲ್ಲ ಅಂತ ಓಣಿಯೆಲ್ಲ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಮೊಕ್ ಹೆಂಡ್ತಿಗೆ ಸೊಂಟ ಮುರೀತು. ದಕ್ಷಿಣದಲ್ಲಿ ನಾದಿನಿ ಮನೆಗೆ ಹೋಗಿ ಇದ್ದಾರೆ. ಹೋಗ್ತಾ ನಿನ್ನ ಗಂಡಂಗೆ ಕೊಟ್ಟೋದ. ಯಾಕೋ, ಏನೋ."

ಮೊಕ್ ಯಾರೆಂದು ಆಗ ನೆನಪಾಯಿತು. ಬಣ್ಣದ ಡಬ್ಬಕ್ಕೆ ಸಿಮೆಂಟು ತುಂಬಿ ಅಡ್ಡ ಇಟ್ಟು ಹನ್ನೊಂದು ವರ್ಷ ತನ್ನ ಮನೆ ಮುಂದಿನ ಜಾಗ ಕಾದುಕೊಂಡವನು ಅವನು. ಸಹಿಯ ಹಾಳೆಯನ್ನು ಹರಿದು ಇನ್‌ಗ್ಯುವಿನ ಮುಖಕ್ಕೆ ಎಸೆದವನು. ಎಲ್ಲ ಕಿಟಕಿಗಳೂ ತೆರೆದಿದ್ದವು ಆ ದಿನ.

"ವಾರ್ಡ್ ಆಫೀಸಿನೋರು ನಿಮ್ಮ ಕಾರಿಗೆ ಒಂದು ಹಳದಿ ಚೀಟಿ ಅಂಟಿಸಿ ಹೋದ್ರು ನಿನ್ನೆ," ಎಂದರು ಅಜ್ಜಿ. "ನೋಡ್ದ್ಯಾ?"

ದೂರದಲ್ಲಿ ನಿಂತೇ ಓದಿದೆ. ಚೌಕದ ಹೆಸರಿಗೂ ಕಾರಿಗೂ ತಾಳೆಯಾಗುತ್ತಿಲ್ಲ. ಇಂದು ಸಂಜೆಯೊಳಗೆ ತೆಗೆಯದಿದ್ದರೆ ಚೌಕದ ಪರವಾನಗಿ ರದ್ದು. ಅಂದರೆ ಮೊಕ್‌ನದು. ಚೌಕದಿಂದ ಅವನ ಬಾಗಿಲಿಗೆ ಮೂರು ಹೆಜ್ಜೆ. ಬೇರೆಡೆ ಗಾಡಿ ನಿಲ್ಲಿಸಿದರೆ ಕೆಳಗಿನ ಮಾರುಕಟ್ಟೆಯಿಂದ ನೂರಾ ಎಂಟು ಮೆಟ್ಟಿಲು, ನಡೆಯಲಾಗದ ಹೆಂಡತಿಯನ್ನು ಹೊತ್ತುಕೊಂಡು.

ಮೈದುನನಿಗೆ ಫೋನು ಮಾಡಿದೆ.

"ಶನಿವಾರ ಬಂದು ತಗೊಂಡು ಹೋಗ್ತೀನಿ ಅತ್ತಿಗೆ. ನೀವು ಮುಟ್ಬೇಡಿ. ಅಣ್ಣ ಹೋದ್ರು ಅಂತ ಹೇಳಿ ಆ ಮನುಷ್ಯನಿಗೆ, ಅಷ್ಟೇ ತಾನೆ?"

ಅಷ್ಟೇ. ಈ ಏಳು ದಿನದಲ್ಲಿ ಆ ಮಾತನ್ನು ನನಗಾಗಿ ಬೇರೆಯವರು ಹೇಳುತ್ತ ಬಂದಿದ್ದರು.

ಬಾಡಿಗೆ ಡ್ರೈವರನ್ನು ಕಳಿಸುವವರಿಗೆ ಮಾಡಿದೆ. ಕಾರು ಯಾರ ಹೆಸರಲ್ಲಿದೆ ಎಂದು ಕೇಳಿದಳು ಹುಡುಗಿ. ಹೇಳಿದೆ. "ಅವರೂ ಜೊತೆಗೆ ಕೂತಿರ್ತಾರಾ ಮೇಡಂ?" ಎಂದಳು. ಕರೆ ಕತ್ತರಿಸಿದೆ.

ನಾಲ್ಕೂವರೆಗೆ ಕೀಲಿ ಎತ್ತಿಕೊಂಡೆ. ಲೈಸೆನ್ಸು ಕಾಲೇಜಿನಲ್ಲಿದ್ದಾಗ ತೆಗೆದದ್ದು. ಎಂಟು ವರ್ಷದಿಂದ ಬೀರುವಿನಲ್ಲಿದೆ. ಬಾಗಿಲು ತೆರೆದಾಗ ಒಳಗಿನ ಗಾಳಿ ಬೆಚ್ಚಗೆ ಮುಖಕ್ಕೆ ಬಂತು. ಸೀಟು ಇನ್ನೂ ವಾಲಿಕೊಂಡೇ ಇತ್ತು. ಕೂತರೆ ಅವನ ಹಾಗೆಯೇ ಮಲಗಿಬಿಡುತ್ತೇನೆ ಅನ್ನಿಸಿತು. ಹೊರಗೆ ನಿಂತೇ ಪಕ್ಕದ ಹಿಡಿ ಎಳೆದೆ. ಸೀಟು ಥಟ್ಟನೆ ಎದ್ದು ನನ್ನ ಮೊಣಕೈಗೆ ಬಡಿಯಿತು.

ಕೂತೆ. ಕಾಲು ಬ್ರೇಕಿಗೆ ಎಟುಕಲಿಲ್ಲ. ಸೀಟನ್ನು ಮುಂದಕ್ಕೆ ಎಳೆದೆ, ಮತ್ತೂ ಎಳೆದೆ. ಎಂಜಿನ್ ಶುರುವಾಯಿತು. ಆಗ ಕೆಳಗಿನಿಂದ ನೀಲಿ ಟ್ರಕ್ಕೊಂದು ಏರಿಬಂದು ನನ್ನ ಮುಂದೆಯೇ ನಿಂತಿತು. ಆರಾಗಲು ಇನ್ನೂ ಬಹಳ ಹೊತ್ತಿತ್ತು.

ಮೊಕ್ ಇಳಿದ. ನನಗೆ ನೆನಪಿದ್ದುದಕ್ಕಿಂತ ದೊಡ್ಡ ಆಳು. ನಾನು ಬಾಗಿಲಿನ ಗುಂಡಿ ಒತ್ತಿ ಬೀಗ ಹಾಕಿಕೊಂಡೆ. ಅವನು ಬೆರಳ ಗೆಣ್ಣಿನಿಂದ ಗಾಜು ಕುಟ್ಟಿದ.

"ಗೆರೆ ಸಾಹೇಬ್ರು ಎಲ್ಲಿ? ಹೆಂಡ್ತೀನ ಕಳ್ಸಿ ಒಳಗೆ ಕೂತ್ಕೊಂಡ್ರಾ?"

ಗಾಜನ್ನು ಎರಡು ಬೆರಳಿನಷ್ಟು ಇಳಿಸಿದೆ.

"ತೀರಿಕೊಂಡ್ರು," ಎಂದೆ. "ಏಳು ದಿನ ಆಯ್ತು."

ನನ್ನದೇ ದನಿಗೆ ನಾನು ಬೆಚ್ಚಿದೆ. ಮೊಕ್‌ನ ಕೈ ಗಾಜಿನ ಮೇಲೆಯೇ ಉಳಿಯಿತು. ಅವನು ಓಣಿಯ ಮೇಲೆ ನೋಡಿದ, ಕೆಳಗೆ ನೋಡಿದ.

"ಊಟ ಮಾಡ್ತಿದೀರಾ?" ಎಂದು ಕೇಳಿದ ಆಮೇಲೆ.

"ಹೂಂ."

"ಇಳೀರಿ ತಾಯಿ. ಕಾರು ಇರ್ಲಿ ಇಲ್ಲೇ."

"ಹಳದಿ ಚೀಟಿ ಬಂದಿದೆ. ಇವತ್ತು ತೆಗೀದಿದ್ರೆ ನಿಮ್ಮ ಜಾಗ ಹೋಗುತ್ತೆ."

"ಹೋದ್ರೆ ಹೋಗ್ಲಿ." ಅವನು ಕತ್ತು ಉಜ್ಜಿಕೊಂಡ. "ಈ ಓಣೀಲಿ ಬೇರೆ ಯಾರಿಗ್ ಕೊಟ್ಟಿದ್ರೂ ವಾಪಸ್ ಸಿಗ್ತಿರ್ಲಿಲ್ಲ. ಇವ್ನು ರೂಲು ರೂಲು ಅಂತ ಸಾಯ್ತಿದ್ದ, ಇವ್ನಾದ್ರೆ ಕೊಡ್ತಾನೆ ಅಂತ..." ಬಾಯಿ ಮುಚ್ಚಿಕೊಂಡ.

ಟ್ರಕ್ಕಿನಲ್ಲಿ ಅವನ ಹೆಂಡತಿ ಮೊಣಕಾಲಿಗೆ ಕಂಬಳಿ ಹೊದ್ದು ಕೂತಿದ್ದಳು. ನನ್ನನ್ನಲ್ಲ, ತನ್ನ ಮನೆಯ ಬಾಗಿಲನ್ನು ನೋಡುತ್ತಿದ್ದಳು.

"ನಾನೇ ತೆಗೀತೀನಿ," ಎಂದೆ. "ನಿಮ್ಮ ಗಾಡಿ ಸ್ವಲ್ಪ ಮೇಲಕ್ಕೆ ಹಾಕಿ."

ಟ್ರಕ್ಕನ್ನು ಮೇಲೆ ನಿಲ್ಲಿಸಿ ಬಂದು ಅವನು ಗೋಡೆಗೂ ನನ್ನ ಬಂಪರಿಗೂ ನಡುವೆ ತನ್ನ ಅಂಗೈ ಹಿಡಿದ.

"ಬರ್ಲಿ, ಬರ್ಲಿ. ಬಲಕ್ಕೆ. ಅದು ಎಡ ತಾಯಿ, ಬಲಕ್ಕೆ. ಗೋಡೆ ಕಡೆ ನೋಡ್ಬೇಡಿ, ಗೋಡೆ ನಂಗಿರ್ಲಿ."

ಕಾರು ಎರಡು ಸಲ ಜರ್ಕು ಹೊಡೆದು ನಿಂತಿತು. ಅಂಗಿ ಬೆನ್ನಿಗೆ ಅಂಟಿತು. ಮೂರನೇ ಸಲ ಚಕ್ರ ತಿರುಗಿತು. ಹಿಂಗನ್ನಡಿಯಲ್ಲಿ ಬಿಳಿಯ ಇಪ್ಪತ್ತಮೂರು ಮೆಲ್ಲನೆ ಕಾಣಿಸಿಕೊಂಡಿತು, ಪೂರ್ತಿಯಾಗಿ. ಮೊಕ್ ಕೈಯಿಂದ ಸಾಕು ಎಂದು ಸನ್ನೆ ಮಾಡಿ ಹಳದಿ ಚೀಟಿ ಕಿತ್ತುಕೊಂಡ. ಟ್ರಕ್ಕು ಹಿಂದಕ್ಕೆ ಬಂದು ಚೌಕದೊಳಗೆ ನಿಂತಿತು. ಅವನು ಹೆಂಡತಿಯನ್ನು ಬೆನ್ನಿಗೆ ಹಾಕಿಕೊಂಡು ಮೂರು ಹೆಜ್ಜೆ ಇಟ್ಟ.

ನನ್ನ ಮುಂದೆ ಇಳಿಜಾರು, ಕೊನೆಯಲ್ಲಿ ತಿರುವು, ತಿರುವಿನಾಚೆ ಮಾರುಕಟ್ಟೆ. ಕಾಲು ಬ್ರೇಕಿನ ಮೇಲೇ ಇತ್ತು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಕಾಲು ಎತ್ತಿದೆ.